ಕಲಿಸುವವನ ಕಲಿಕೆ

ಅಧ್ಯಾಪಕನೆಂಬವನು ವಿದ್ಯೆಯನ್ನು ಮೊದಲು ಸಂಪಾದಿಸಿ ಬಳಿಕ ಹಂಚತಕ್ಕವನೆಂಬುದು ಲೋಕದ ಸಾಮಾನ್ಯ ಗ್ರಹಿಕೆ. ಅದರಂತೆ ಬೋಧನೆಯು ಬರಿಯ ವ್ಯಯ. ಗಳಿಕೆಯ ಕಾಲ ಪದವಿಯೊಡನೆಯೇ ತೀರಿತು. ಗಣಿತದ ವಿಷಯದಲ್ಲಂತೂ ಈ ಭಾವನೆ ಮತ್ತಷ್ಟು ದೃಢವಾಗಿದೆ. ಏಕೆಂದರೆ ಅಲ್ಲಿಯ ಪ್ರಮೇಯಗಳು ಒಮ್ಮೆ ಸಾಧಿತವಾದುವೆಂದರೆ ಕಾಲಾಂತರದಲ್ಲಿ ಬದಲಾಗುವಂಥವಲ್ಲವಾದುದರಿಂದ, ಅವನ್ನೇ ವರ್ಷವರ್ಷವೂ ವಿವರಿಸುವವನಿಗೆ ಹೊಸದಾಗಿ ದೊರೆಯತಕ್ಕುದೇನೂ ಇಲ್ಲವೆಂದು ತೋರುವುದು ಸಹಜ. ಈ ಗ್ರಹಿಕೆ ಎಷ್ಟು ದುರ್ಬಲವಾದುದೆಂಬುದನ್ನು ಜರ್ಮನಿಯ ಗಣಿತಜ್ಞ ರಿಚರ್ಡ್ ಡೆಡೆಕಿಂಡನ ಜೀವನವು ತೋರಿಸಿಕೊಡುತ್ತದೆ.

1852ರಲ್ಲಿ ಗಾಟಿಂಗೆನ್ನಿನಲ್ಲಿ ಮಹಾಗಣಿತಜ್ಞ ಗಾಸ್‌ನ ಬಳಿ ಡಾಕ್ಟರ್ ಪದವಿಯನ್ನು ಪಡೆದ ಡೆಡೆಕಿಂಡನು, 1855ರಲ್ಲಿ ಗಾಸ್ ಕಾಲವಾಗಿ ಅವನ ಪೀಠಕ್ಕೆ ಗಣಿತಜ್ಞ ಡಿರಿಕ್ಲೆ ಬಂದಾಗ, ತಾನೇ ಅಲ್ಲಿ ಉಪನ್ಯಾಸಗಳನ್ನು ಕೊಡುತ್ತಿದ್ದರೂ, ಮತ್ತೆ ಶಿಷ್ಯನಾಗಿ ಡಿರಿಕ್ಲೆಯ ಪಾಠಗಳಲ್ಲಿ ಕುಳಿತನು. ಹಿರಿಯನಿಂದ ಅವನು ಪಡೆದುದು ಕೆಲವು ಪ್ರಮೇಯಗಳನ್ನಷ್ಟೇ ಅಲ್ಲ. ಯಾವುದನ್ನು ಸಿದ್ಧವಾಯಿತೆಂದು ಒಪ್ಪಬಹುದು, ಯಾವುದನ್ನು ಒಪ್ಪಲಾಗದು ಎಂಬ ಕಟ್ಟುನಿಟ್ಟಾದ ವಿವೇಕವನ್ನು.

1858ರಲ್ಲಿ ಜ್ಯೂರಿಕ್ ನಗರದ ಪಾಲಿಟೆಕ್ನಿಕ್ಕಿಗೆ ಅಧ್ಯಾಪಕನಾಗಿ ಹೋದಾಗ ಆ ವಿವೇಕವು ಪರೀಕ್ಷೆಗೊಳಗಾಯಿತು. ಸತತವಾಗಿ ವೃದ್ಧಿಹೊಂದುತ್ತಿದ್ದರೂ ಒಂದು ಮೇರೆಯನ್ನು ಮೀರದ ಪರಿಮಾಣವು ಯಾವುದಾದರೊಂದು ನಿಶ್ಚಿತ ಬೆಲೆಯನ್ನು ಸಮೀಪಿಸಲೇಬೇಕೆಂಬ ಮಾತನ್ನು ಅವಕಲನ ಗಣಿತದ ತರಗತಿಯಲ್ಲಿ ವಿವರಿಸಬೇಕಾಗಿ ಬಂದಾಗ, ರೇಖಾಚಿತ್ರದ ಆಶ್ರಯವಿಲ್ಲದೆ ಅದನ್ನು ಸಾಧಿಸುವ ದಾರಿ ತನಗೆ ತಿಳಿಯದೆಂಬುದು ಅವನಿಗೆ ಹಿಂದೆಂದಿಗಿಂತಲೂ ತೀಕ್ಷ್ಣವಾಗಿ ಅರಿವಾಯಿತು. ಬೋಧನೆಗೆ ಚಿತ್ರವು ಉಪಯುಕ್ತವೇ. ಆದರೆ ಉಪಯುಕ್ತವಾದುದೆಲ್ಲವೂ ಪ್ರಮಾಣವಲ್ಲ. ಎರಡರ ವರ್ಗಮೂಲವನ್ನು ಮೂರರ ವರ್ಗಮೂಲದಿಂದ ಗುಣಿಸಿದರೆ ಆರರ ವರ್ಗಮೂಲ ಬರುವುದೆಂಬ, ಶಾಲಾಬಾಲಕನೂ ಬಲ್ಲ ಮಾತನ್ನೇ ಅದುವರೆಗೆ ಯಾರೂ ಸರಿಯಾಗಿ ಸಾಧಿಸಿಲ್ಲವೆಂದು ಅವನು ಮುಂದೆ ಬರೆದನು. 1858ರ ನವೆಂಬರ್ 24ರಂದು ಅವನಿಗೆ ಪರಿಹಾರ ಹೊಳೆಯಿತು: ಭಾಗಲಬ್ಧ ಸಂಖ್ಯೆಗಳ ಸಮಸ್ತ ಸಮುದಾಯವನ್ನು, ಒಂದು ಭಾಗದ ಪ್ರತಿಯೊಂದು ಸಂಖ್ಯೆಯೂ ಇನ್ನೊಂದು ಭಾಗದ ಪ್ರತಿಯೊಂದಕ್ಕಿಂತ ಕಿರಿದಾಗಿರುವಂತೆ ಎರಡಾಗಿ ವಿಂಗಡಿಸಿದರೆ, ಆ ಛೇದವೇ ಒಂದು ಸಂಖ್ಯೆಯನ್ನು ನಿರ್ಣಯಿಸುತ್ತದೆ. 1872ರಲ್ಲಿ ಪ್ರಕಟವಾದ ಈ ವಿಚಾರವು ಇಂದು ವಾಸ್ತವ ಸಂಖ್ಯೆಗಳ ತಳಹದಿಗಳಲ್ಲೊಂದಾಗಿದೆ.

ಅದೇ ಪಾಠವನ್ನು ಯೂರೋಪಿನಾದ್ಯಂತ ಎಷ್ಟೋ ಮಂದಿ ಹೇಳುತ್ತಿದ್ದರು. ಅವರಿಗೆ ಕಾಣದ ಕೊರತೆ ಇವನಿಗೇಕೆ ಕಂಡಿತು? ಬೋಧನೆಯೊಂದೇ ಬೆಳವಣಿಗೆಗೆ ಸಾಲದೆಂಬುದೇ ಇದರ ಉತ್ತರವೆಂದು ನಾನು ಭಾವಿಸುತ್ತೇನೆ. ಎದುರಿಗೆ ಕುಳಿತ ವಿದ್ಯಾರ್ಥಿಯು ವಿವರಣೆಯನ್ನು ಅನಿವಾರ್ಯಗೊಳಿಸುತ್ತಾನೆ. ಆದರೆ ಅವನ ತೃಪ್ತಿಗೆ ಒಂದು ಚಿತ್ರ ಸಾಕು. ಅವನು ತಲೆದೂಗಿದ ಮೇಲೆಯೂ ತನಗೆ ತೃಪ್ತಿಯಾಗದಂತೆ ಕಾಡುವ ಅಂತಸ್ಸಾಕ್ಷಿಯು ಗುರುವಿನ ಸನ್ನಿಧಿಯಲ್ಲಿ ರೂಪುಗೊಂಡುದು. ಗುರುವಿಲ್ಲದ ಬೋಧನೆ ವಾಡಿಕೆಯಾಗಿ ಜಡವಾಗುತ್ತದೆ. ಬೋಧನೆಯಿಲ್ಲದ ಗುರುಪ್ರಸಾದವಾದರೋ ಪರೀಕ್ಷೆಗೊಳಗಾಗದೆಯೇ ಉಳಿಯುತ್ತದೆ.

ಬೋಧನೆಯೆಂದರೆ ಬೇಸರಿಸುತ್ತಿದ್ದ ಗಾಸ್‌ನು ಅದಿಲ್ಲದೆಯೇ ಅತ್ಯುನ್ನತಿಗೇರಲಿಲ್ಲವೇ ಎಂದು ಕೇಳಬಹುದು. ಏರಿದನು, ನಿಜ. ಆದರೆ ಅಂಥವನು ಶತಮಾನಕ್ಕೊಬ್ಬ. ಅವನನ್ನು ನಿಯಮವಾಗಿ ಹಿಡಿದರೆ ಉಳಿದವರಿಗೆಲ್ಲ ದಾರಿಯೇ ಇಲ್ಲದಂತಾಗುತ್ತದೆ. ಡೆಡೆಕಿಂಡನ ಮಾರ್ಗವಾದರೋ ಅನುಸರಣೀಯವಾದುದು. ಡಿರಿಕ್ಲೆ ತೀರಿಕೊಂಡ ಮೇಲೆ ಗುರುವಿನ ಸಂಖ್ಯಾಸಿದ್ಧಾಂತದ ಉಪನ್ಯಾಸಗಳನ್ನು 1863ರಲ್ಲಿ ಸಂಪಾದಿಸಿ ಹೊರತಂದ ಅವನು, 1871ರ ಆವೃತ್ತಿಗೆ ಸೇರಿಸಿದ ಅನುಬಂಧದಲ್ಲಿ ಐಡಿಯಲ್ ಎಂಬ ತನ್ನ ಹೊಸ ಕಲ್ಪನೆಯನ್ನು ಮಂಡಿಸಿದನು. ಋಣವನ್ನು ತೀರಿಸುವ ಕಾರ್ಯವೇ ಹೀಗೆ ಆಧುನಿಕ ಬೀಜಗಣಿತದ ಒಂದು ಆರಂಭವಾಯಿತು.

ಆದುದರಿಂದ ಎಳೆಯ ಅಧ್ಯಾಪಕರನ್ನು ತಿದ್ದಲು ಹೊರಟ ಹಿರಿಯರು ಪಾಠಕ್ರಮವನ್ನೂ ಕರಿಹಲಗೆಯ ಬಳಕೆಯನ್ನೂ ಹೇಳಿಕೊಟ್ಟು ನಿಲ್ಲಲಾಗದು. ಅವು ಬೇಕಾದುವೇ ಆದರೂ ಕೌಶಲಕ್ಕೆ ಸಂಬಂಧಿಸಿದುವು. ಬೆಳವಣಿಗೆಯ ಮೂಲವಾದರೋ ಅತೃಪ್ತಿ. ಇಂದಿನ ಪಾಠದಲ್ಲಿ ಮಕ್ಕಳು ಒಪ್ಪಿಕೊಂಡರೂ ನಿಮ್ಮ ಮನಸ್ಸು ಒಪ್ಪದೆ ಉಳಿದ ಹೆಜ್ಜೆ ಯಾವುದು ಎಂದು ಕಿರಿಯನನ್ನು ಕೇಳಿ, ಆ ಹೆಜ್ಜೆಯ ಮೇಲೆ ಅವನೊಡನೆ ಕುಳಿತು ಯೋಚಿಸುವ ಹಿರಿಯನಿರುವೆಡೆಯಲ್ಲಿ ಗಣಿತದ ಅಧ್ಯಾಪಕವೃತ್ತಿಯು ಗಣಿತದ ಅಧ್ಯಯನವೇ ಆಗುತ್ತದೆ.