ಕಿತ್ತ ಸಸಿ

ಮೃಗಶಿರಾ ಮಳೆ ಹದವಾಗಿ ಬಿದ್ದ ಮೇಲೆ ಹಿತ್ತಲಿನಲ್ಲಿ ದಂಟಿನ ಬೀಜ ಚೆಲ್ಲುವುದು ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದ ಬಂದ ರೂಢಿ. ಮುಂಗಾರಿನ ಹಿತ್ತಲಿಗೆ ಹೆಚ್ಚೇನೂ ಬೇಡ. ಚಪ್ಪರಕ್ಕೆ ಹಬ್ಬಿಸಲು ನಾಲ್ಕು ಹೀರೆಬೀಜ, ರಾತ್ರಿಯೇ ನೆನೆಹಾಕಿದ ಒಂದು ಹಿಡಿ ಬೆಂಡೆಬೀಜ, ಮತ್ತೆ ಈ ದಂಟು. ಹೀರೆ, ಬೆಂಡೆಗಳನ್ನು ಎಣಿಸಿ ಊರಬಹುದು. ದಂಟಿನ ಬೀಜ ಸಾಸಿವೆಗಿಂತಲೂ ಸಣ್ಣದು. ಬರಿಗೈಯಲ್ಲಿ ಚೆಲ್ಲಿದರೆ ಒಂದೇ ಕಡೆ ಬಿದ್ದುಬಿಡುತ್ತದೆ. ಒಣಮರಳು ಬೆರೆಸಿ ಚೆಲ್ಲಬೇಕು. ಎಷ್ಟು ಬೆರೆಸಿದರೂ ಒತ್ತಾಗಿಯೇ ಹುಟ್ಟುತ್ತದೆ.

ಮೂರನೆಯ ವಾರಕ್ಕೆ ಕೀಳುವ ಕೆಲಸ. ಹುಳಿಗೆ ಆಗುವಂಥ ದಪ್ಪ ದಂಟು ಬೇಕಿದ್ದರೆ ಗಿಡಕ್ಕೂ ಗಿಡಕ್ಕೂ ಒಂದು ಗೇಣಾದರೂ ತೆರಪು ಬೇಕು. ಇಲ್ಲದಿದ್ದರೆ ಎಲ್ಲವೂ ನೀರಿಗೆ, ಗೊಬ್ಬರಕ್ಕೆ, ಬಿಸಿಲಿಗೆ ಪೈಪೋಟಿ ಮಾಡಿ ದಾರದಂತೆ ಸಪೂರಾಗಿ ಎದ್ದು ಬಾಗುತ್ತವೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಕೀಳಲು ಕೈ ಬರುತ್ತಿರಲಿಲ್ಲ. "ಎಲ್ಲಾನೂ ಉಳಿಸ್ಕೊಳ್ತೀನಿ ಅಂದ್ರೆ ಯಾವುದೂ ಉಳಿಯಲ್ಲ ಕಣೇ" ಎಂದು ಅತ್ತೆ ತಾವೇ ಕುಕ್ಕರಗಾಲಲ್ಲಿ ಕುಳಿತು ಚಕಚಕನೆ ಕಿತ್ತು ಮೊರಕ್ಕೆ ಹಾಕುತ್ತಿದ್ದರು. ಬರಬರುತ್ತಾ ನಾನೂ ಕಲಿತೆ. ಕಲಿತದ್ದು ಹಿತ್ತಲಲ್ಲೇ ಉಳಿದಿದ್ದರೆ ಈ ಮಾತು ಬರೆಯುವ ಅಗತ್ಯವಿರಲಿಲ್ಲ.

2006ರ ಏಪ್ರಿಲ್. ನಾನಾಗ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಫಲಿತಾಂಶಕ್ಕೆ ಮುಂಚೆ ಶಿಕ್ಷಕರ ಸಭೆ ಸೇರಿತ್ತು. ಹಿಂದುಳಿದ ಏಳು ಮಕ್ಕಳ ಹೆಸರು ಓದಲಾಯಿತು. ಇವರನ್ನು ಹತ್ತಕ್ಕೆ ಕಳುಹಿಸಿದರೆ ಮುಂದಿನ ವರ್ಷ ಶಾಲೆಯ ಫಲಿತಾಂಶ ಇಳಿಯುತ್ತದೆ, ಇಲ್ಲಿಯೇ ನಿಲ್ಲಿಸೋಣವೆಂಬ ಸಲಹೆ ಬಂತು. ಒಬ್ಬಿಬ್ಬರು ಅನುಮಾನಿಸಿದರು. ಆಗ ನಾನೇ ಬಾಯಿ ಹಾಕಿ, "ಒತ್ತಾಗಿ ಬೆಳೆದರೆ ಯಾವ ಸಸಿಯೂ ಏಳೋಲ್ಲ" ಎಂದೆ. ಹೋಲಿಕೆ ಎಲ್ಲರಿಗೂ ಹಿಡಿಸಿತು. ನನಗೂ ಹೆಮ್ಮೆಯಾಯಿತು.

ಆ ಏಳರಲ್ಲಿ ಒಬ್ಬಳು ಹುಡುಗಿಗೆ ನನ್ನ ವಿಷಯದಲ್ಲೇ ಪಾಸಾಗಲು ನಾಲ್ಕು ಅಂಕ ಕಡಿಮೆ. ಕೂರಿಸಿಕೊಂಡು ತಿದ್ದಿದ್ದರೆ ಬರುತ್ತಿದ್ದವೇನೋ. ಜೂನ್‌ನಲ್ಲಿ ಶಾಲೆ ತೆರೆದಾಗ ಅವಳು ಬರಲಿಲ್ಲ. ಮನೆಯವರು ಬಿಡಿಸಿದರಂತೆ. ಹಾಜರಿ ಪುಸ್ತಕದಲ್ಲಿ ಕೆಲವು ವಾರ ಅವಳ ಹೆಸರಿನ ಮುಂದೆ ಗೈರುಹಾಜರಿ ಗುರುತು ಹಾಕಿದೆ, ಆಮೇಲೆ ಹೆಸರೂ ಹೋಯಿತು.

ಅದೇ ತಿಂಗಳ ಕೊನೆಗೆ ದಂಟಿನ ಮಡಿಯ ಮುಂದೆ ಕುಳಿತಾಗ ನಾನಾಡಿದ ಮಾತು ನೆನಪಾಗಿ ಕೈ ನಿಂತಿತು. ಹಿತ್ತಲಲ್ಲಿ ಸರಿಯಾದದ್ದು ಶಾಲೆಯಲ್ಲಿ ಏಕೆ ತಪ್ಪು? ಮೊರ ನೋಡಿದಾಗ ಅರ್ಧ ಉತ್ತರ ಸಿಕ್ಕಿತು. ನಾವು ಕಿತ್ತ ಎಳೆಸಸಿಯನ್ನು ಎಸೆಯುವುದಿಲ್ಲ. ಬೇರು ಚಿವುಟಿ, ಮಣ್ಣು ತೊಳೆದು, ಬೇಳೆಯೊಂದಿಗೆ ಬೇಯಿಸಿ ಅಂದೇ ಮಸ್ಸೊಪ್ಪು ಮಾಡುತ್ತೇವೆ. ಉಳಿದದ್ದೂ ಕಿತ್ತದ್ದೂ ಊಟದ ಎಲೆಗೇ ಬರುತ್ತವೆ. ದಂಟನ್ನು ನಾನು ಚೆಲ್ಲಿದ್ದೇ ನನಗಾಗಿ. ಆದರೆ ಮಕ್ಕಳನ್ನು ಬಿತ್ತಿದವಳು ನಾನಲ್ಲ, ಅವರು ಬೆಳೆಯುವುದು ಶಾಲೆಯ ಫಲಿತಾಂಶಕ್ಕಾಗಿಯೂ ಅಲ್ಲ. ಗಿಡಕ್ಕೆ ಗಿಡ ಅಡ್ಡವಾಗುತ್ತದೆ, ನಿಜ. ಆ ಹುಡುಗಿ ಯಾರ ನೀರು, ಯಾರ ಬಿಸಿಲು ಕಸಿದುಕೊಂಡಿದ್ದಳು? ಅವಳು ಅಡ್ಡವಾಗಿದ್ದು ಸೂಚನಾ ಫಲಕದ ಮೇಲಿನ ಒಂದು ಅಂಕಿಗೆ ಮಾತ್ರ.

ಅಂದಿನಿಂದ ಕಿತ್ತದ್ದರಲ್ಲಿ ಬೇರು ಮುರಿಯದ ಐದಾರು ಸಸಿಗಳನ್ನು ಸಂಜೆಯ ತಂಪಿನಲ್ಲಿ ಒಡೆದ ಬಕೆಟ್ಟಿಗೆ ನೆಟ್ಟು, ಎರಡು ದಿನ ನೆರಳು ಮಾಡುತ್ತೇನೆ. ಕೆಲವು ಬಾಡುತ್ತವೆ, ಕೆಲವು ಹಿಡಿಯುತ್ತವೆ. ಹಿಡಿದವು ಮಡಿಯಲ್ಲಿ ಉಳಿದವಕ್ಕಿಂತ ದಪ್ಪವಾದವೆಂದು ಹೇಳಿದರೆ ಸುಳ್ಳಾದೀತು. ಸಪೂರಾಗಿಯೇ ಇರುತ್ತವೆ. ಹುಳಿಗೆ ಅವೂ ಆಗುತ್ತವೆ. ಇದರಿಂದ ಆ ಹುಡುಗಿಗೆ ಏನೂ ಆಗಲಿಲ್ಲ, ಗೊತ್ತು. ಆದರೆ ಆಮೇಲಿನ ಸಭೆಗಳಲ್ಲಿ ಹೆಸರು ಓದುವಾಗ, "ಈ ಮಗುವನ್ನು ನಾನು ಸಂಜೆ ಕೂರಿಸಿಕೊಳ್ಳುತ್ತೇನೆ, ಮುಂದಕ್ಕೆ ಕಳುಹಿಸಿ" ಎನ್ನುವುದನ್ನು ಕಲಿತೆ. ಎಲ್ಲರೂ ಪಾಸಾಗಲಿಲ್ಲ. ಫಲಿತಾಂಶ ಒಂದೆರಡು ವರ್ಷ ಇಳಿಯಿತು, ನನಗೆ ಮಾತೂ ಬಂತು.

ಈಗಲೂ ಆರಿದ್ರಾ ಮಳೆ ಬಂದರೆ ಸಸಿ ಕೀಳುತ್ತೇನೆ. ಕೀಳದೆ ತೋಟವಿಲ್ಲ, ಅತ್ತೆಯ ಮಾತು ನಿಜ. ಮೊರ ತುಂಬಿದಾಗ ಮಾತ್ರ ಒಂದು ಗಳಿಗೆ ಸುಮ್ಮನೆ ಕುಳಿತಿರುತ್ತೇನೆ.