ಅದೇ ಇದು ಎಂಬ ಮಾತು

ಶಬ್ದವು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವುದೆಂದರೆ ಏನು ಎಂಬುದನ್ನು ನಮ್ಮ ದಾರ್ಶನಿಕರು ಅಷ್ಟು ಶ್ರದ್ಧೆಯಿಂದ ವಿಚಾರಿಸಿದುದೇಕೆಂದು, ಅದನ್ನೆಲ್ಲ ಬರಿಯ ತರ್ಕವ್ಯಾಯಾಮವೆಂದು ಬಹುಕಾಲ ಎಣಿಸಿದ್ದ ನನಗೆ, ದೂರದ ಸರ್ವರ್‌ಗಳಿಗೆ ನ್ಯೂಸ್‌ಗ್ರೂಪ್ ಲೇಖನಗಳನ್ನು ಸಾಗಿಸುವ ಒಂದು ಚಿಕ್ಕ ಕಮಾಂಡಿನ ಕೆಲಸವನ್ನು ನೋಡುತ್ತ ಕುಳಿತ ರಾತ್ರಿಗಳಲ್ಲಿ ಮನದಟ್ಟಾಯಿತು.

ನೈಯಾಯಿಕರ ಮತದಲ್ಲಿ ಶಬ್ದವು ಹುಟ್ಟಿ ಅಳಿಯತಕ್ಕದ್ದು. ಭೇರಿಯ ಮೇಲೆ ಕೋಲು ಬಿದ್ದಾಗ ಹುಟ್ಟಿದ ಮೊದಲ ಶಬ್ದವೇ ನಮ್ಮ ಕಿವಿಯವರೆಗೆ ನಡೆದು ಬರುವುದಿಲ್ಲ. ಅದು ತನ್ನ ಪಕ್ಕದಲ್ಲಿ ತನ್ನಂಥದೇ ಇನ್ನೊಂದನ್ನು ಹುಟ್ಟಿಸಿ ತಾನು ಅಡಗುತ್ತದೆ, ಆ ಎರಡನೆಯದು ಮೂರನೆಯದನ್ನು ಹುಟ್ಟಿಸುತ್ತದೆ, ಹೀಗೆ ಪರಂಪರೆಯ ಕೊನೆಯ ಶಬ್ದವು ಮಾತ್ರ ಕಿವಿಯನ್ನು ಮುಟ್ಟುತ್ತದೆ. ಅಲೆಯಿಂದ ಅಲೆ ಎದ್ದಂತೆ ಎಂದು ಕೆಲವರು ಇದಕ್ಕೆ ವೀಚೀತರಂಗನ್ಯಾಯವನ್ನು ಹೇಳಿದರು. ಕದಂಬದ ಮೊಗ್ಗು ಎಲ್ಲ ದಿಕ್ಕುಗಳಿಗೂ ಒಮ್ಮೆಗೇ ಬಿರಿದಂತೆ ಎಂದು ಮತ್ತೆ ಕೆಲವರು ಕದಂಬಮುಕುಲನ್ಯಾಯವನ್ನು ಹೇಳಿದರು. ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಶಬ್ದವು ನಿತ್ಯ, ಧ್ವನಿಯು ಅದನ್ನು ಪ್ರಕಟಗೊಳಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ನಿನ್ನೆ ಕೇಳಿದ ಗಕಾರವನ್ನು ಇಂದು ಕೇಳಿದಾಗ ‘ಅದೇ ಇದು’ ಎಂದು ಗುರುತಿಸುತ್ತೇವಲ್ಲ, ಆ ಪ್ರತ್ಯಭಿಜ್ಞೆಯೇ ಪ್ರಮಾಣ ಎಂದು ಅವರ ವಾದ. ದೀಪದ ಜ್ವಾಲೆಯನ್ನೂ ‘ಅದೇ ಇದು’ ಎನ್ನುತ್ತೇವೆ, ಆದರೆ ಅದು ಕ್ಷಣಕ್ಷಣಕ್ಕೂ ಬೇರೆ ಜ್ವಾಲೆಯಲ್ಲವೇ ಎಂದು ನೈಯಾಯಿಕರ ಉತ್ತರ.

1979ರಲ್ಲಿ ಅಮೆರಿಕದ ಉತ್ತರ ಕ್ಯಾರೊಲೈನಾದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ವಿದ್ಯಾರ್ಥಿಗಳು ಯೂಸ್‌ನೆಟ್ ಎಂಬ, ವಿಷಯಕ್ಕೊಂದರಂತೆ ಇರುವ ನ್ಯೂಸ್‌ಗ್ರೂಪುಗಳೆಂಬ ಚರ್ಚಾಕೂಟಗಳ ಜಾಲವನ್ನು ಕಲ್ಪಿಸಿದಾಗ ಈ ಜಗಳ ಅವರ ಮನಸ್ಸಿನಲ್ಲಿ ಇದ್ದಿರಲಾರದು. ಆದರೆ ಅವರು ಕಟ್ಟಿದ್ದು ವೀಚೀತರಂಗವನ್ನೇ. ಈ ಜಾಲಕ್ಕೆ ನಡುಮನೆಯೆಂಬುದಿಲ್ಲ. ಪ್ರತಿಯೊಂದು ಯಂತ್ರವೂ ತನಗೆ ಬಂದುದರ ಒಂದು ಪ್ರತಿಯನ್ನು ನೆರೆಯ ಯಂತ್ರಕ್ಕೆ ಕೊಡುತ್ತದೆ, ಅದು ತನ್ನ ನೆರೆಗೆ ಕೊಡುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗನೊಬ್ಬನು ಕರ್ನಾಟಕದ ಹೆಸರಿನ ನ್ಯೂಸ್‌ಗ್ರೂಪಿಗೆ ಒಂದು ಲೇಖನವನ್ನು ಬರೆದು ಕಳುಹಿಸಿದನೆಂದರೆ, ಸಾವಿರಾರು ಮೈಲಿಗಳಾಚೆ ಅದನ್ನು ಓದಿದವನು ಓದಿದ್ದು ಎಷ್ಟನೆಯ ಅಲೆಯನ್ನೋ.

ಈ ಅಲೆಯನ್ನೆಬ್ಬಿಸುವ ಕೈಗಳಲ್ಲಿ ಒಂದು, 1990ರ ದಶಕದ ಆದಿಯಲ್ಲಿ ರಿಚ್ ಸಾಲ್ಜ್ ರಚಿಸಿದ ಐಎನ್‌ಎನ್ ಎಂಬ ಯೂಸ್‌ನೆಟ್ ಸರ್ವರ್ ತಂತ್ರಾಂಶದ ಜೊತೆಗೆ ಬರುವ ಇನ್‌ಎಕ್ಸ್‌ಮಿಟ್ ಎಂಬ ಕಮಾಂಡು. ದೂರದ ಯಂತ್ರದ ಹೆಸರನ್ನೂ, ಕಳುಹಿಸಬೇಕಾದ ಲೇಖನಗಳ ಪಟ್ಟಿಯಿರುವ ಫೈಲಿನ ಹೆಸರನ್ನೂ ಕೊಟ್ಟರೆ ಸಾಕು, ಅದು ಹೋಗಿ ಬಾಗಿಲು ತಟ್ಟುತ್ತದೆ. ಆದರೆ ತಟ್ಟಿದೊಡನೆ ಹೊರೆಯನ್ನು ಇಳಿಸುವುದಿಲ್ಲ. ‘ಐಹ್ಯಾವ್’, ನನ್ನಲ್ಲಿ ಇಂಥದೊಂದಿದೆ, ಎಂದು ಲೇಖನದ ಗುರುತಿನ ಹೆಸರಾದ ಮೆಸೇಜ್-ಐಡಿಯನ್ನು ಹೇಳಿ ನಿಲ್ಲುತ್ತದೆ. ಆ ಕಡೆಯಿಂದ 335 ಎಂದು ಉತ್ತರ ಬಂದರೆ ಕೊಡು ಎಂದರ್ಥ. 435 ಬಂದರೆ ಬೇಡವೆಂದರ್ಥ. ಕೊಟ್ಟ ಮೇಲೆ 235 ಬಂದರೆ ಮುಟ್ಟಿತು, 436 ಆದರೆ ಆಮೇಲೆ ಬಾ, 437 ಆದರೆ ಇದನ್ನು ಹೊತ್ತು ಮತ್ತೆ ಬರಬೇಡ. ಕೇಳದೆ ಕೊಡಬಾರದೆಂಬ ಈ ಮರ್ಯಾದೆಯನ್ನು 1986ರ ಒಂದು ಒಡಂಬಡಿಕೆಯಲ್ಲಿ ಬರೆದಿಟ್ಟ ಬ್ರಯನ್ ಕ್ಯಾಂಟರ್ ಮತ್ತು ಫಿಲ್ ಲ್ಯಾಪ್ಸ್‌ಲೀ ಅವರಿಗೆ ಬೇಕಾಗಿದ್ದುದು ತಂತಿಯ ಮೇಲಣ ಮಿತವ್ಯಯವಾದರೂ, ದಾನಕ್ಕೆ ಪ್ರತಿಗ್ರಹೀತೃವಿನ ಒಪ್ಪಿಗೆಯೂ ಅಂಗವೆಂದು ಬಲ್ಲ ನಮಗೆ ಅದರಲ್ಲಿ ಮಿತವ್ಯಯಕ್ಕಿಂತ ಹೆಚ್ಚಿನದು ಕಾಣುತ್ತದೆ.

ಆಚೆಯ ಯಂತ್ರಕ್ಕೆ ‘ಅದೇ ಇದು’ ಎಂದು ತಿಳಿಯುವುದು ಹೇಗೆ? ಲೇಖನವನ್ನು ಅದು ಇನ್ನೂ ಕಂಡೇ ಇಲ್ಲ; ಹೆಸರನ್ನು ಮಾತ್ರ ಕೇಳಿದೆ. ಜ್ವಾಲೆಗೆ ಹೆಸರಿಲ್ಲ, ಲೇಖನಕ್ಕಾದರೋ ಹುಟ್ಟುವಾಗಲೇ ಇಟ್ಟ, ಇನ್ನೊಂದಕ್ಕೆ ಎಂದೂ ಇಡದ ಒಂದು ಹೆಸರಿದೆ. ತನಗೆ ಬಂದ ಲೇಖನಗಳ ಹೆಸರುಗಳನ್ನೆಲ್ಲ ಪ್ರತಿಯೊಂದು ಸರ್ವರೂ ಹಿಸ್ಟರಿ ಎಂಬ ಫೈಲಿನಲ್ಲಿ ಬರೆದಿಡುತ್ತದೆ. ಇಲ್ಲಿ ನನ್ನನ್ನು ಬಹಳವಾಗಿ ಸೆಳೆದ ಸಂಗತಿಯೊಂದಿದೆ: ಅವಧಿ ಮುಗಿದು ಲೇಖನವನ್ನು ಅಳಿಸಿಹಾಕಿದ ಮೇಲೆಯೂ ಅದರ ಹೆಸರು ಆ ಫೈಲಿನಲ್ಲಿ ಕೆಲವು ದಿನ ಉಳಿಯುತ್ತದೆ. ಉಳಿಯದಿದ್ದರೆ, ನಿಧಾನವಾದ ನೆರೆಯೊಂದು ಅದೇ ಲೇಖನವನ್ನು ತಡವಾಗಿ ತಂದು ನಿಂತಾಗ ಸತ್ತದ್ದು ಹೊಸದಾಗಿ ಹುಟ್ಟಿತೆಂದು ಯಂತ್ರವು ಭ್ರಮಿಸೀತು. ಅನುಭವವು ಅಳಿದರೂ ಅದರ ಸಂಸ್ಕಾರವು ಉಳಿಯುತ್ತದೆ, ಆ ಸಂಸ್ಕಾರವೂ ಇಂದಿನ ಇಂದ್ರಿಯಸಂಬಂಧವೂ ಕೂಡಿದಾಗಲೇ ಪ್ರತ್ಯಭಿಜ್ಞೆ ಎಂದು ತಾರ್ಕಿಕರು ಹೇಳಿದ್ದಕ್ಕೆ ಇದಕ್ಕಿಂತ ಸ್ಫುಟವಾದ ದೃಷ್ಟಾಂತವನ್ನು ನಾನು ಕಂಡಿಲ್ಲ.

ಹಾಗಾದರೆ ಹೆಸರೊಂದು ಉಳಿದರೆ ವಸ್ತು ಅದೇ ಆಯಿತೇ? ಆಗಲಿಲ್ಲ. ಹೆಸರು ಹಾಗೆಯೇ ಇದ್ದು ಒಳಗಿನ ಮಾತು ಕೈಯಿಂದ ಕೈಗೆ ಬದಲಾಗುತ್ತ ಹೋದರೆ ‘ಅದೇ ಇದು’ ಎಂಬುದು ಸುಳ್ಳಾಗುತ್ತದೆ. ಆದುದರಿಂದ ಸಾಗಿಸುವ ಸರ್ವರುಗಳಿಗೆ ವಿಧಿಸಿದ ನಿಯಮವು ಕಠಿನವಾಗಿದೆ: ಲೇಖನದ ಒಡಲನ್ನು ಮುಟ್ಟತಕ್ಕದ್ದಲ್ಲ, ‘ಪಾತ್’ ಎಂಬ ಸಾಲಿನ ಎಡತುದಿಯಲ್ಲಿ ತನ್ನ ಹೆಸರನ್ನು ಬರೆದು ಮುಂದೆ ಬಿಡತಕ್ಕದ್ದು. ಬಲದಿಂದ ಎಡಕ್ಕೆ ಓದಿದರೆ ಆ ಸಾಲಿನಲ್ಲಿ ಲೇಖನವು ಹಾದುಬಂದ ಮನೆಗಳೆಲ್ಲ ಕ್ರಮವಾಗಿ ಕಾಣುತ್ತವೆ, ಮಠದ ಗುರುಪರಂಪರೆಯನ್ನು ಓದಿದಂತೆ. ಎರಡು ಊರುಗಳ ಪ್ರತಿಗಳಲ್ಲಿ ಈ ಸಾಲು ಒಂದೇ ಆಗಿರುವುದಿಲ್ಲ. ಒಡಲು ಮಾತ್ರ ಒಂದೇ. ಈ ವಾದದಲ್ಲಿ ನನ್ನ ಮನಸ್ಸು ನೈಯಾಯಿಕರ ಕಡೆಗೇ ವಾಲುತ್ತದೆ. ಮಾತು ನಿತ್ಯವಾಗಿದ್ದರೆ ತರುವವನ ಪ್ರಾಮಾಣಿಕತೆಗೆ ಅಷ್ಟೇನೂ ಬೆಲೆಯಿಲ್ಲ, ಅವನು ಕೆಡಿಸಿದರೂ ಅದು ಕೆಡದು. ಮನೆಮನೆಯಲ್ಲೂ ಹೊಸದಾಗಿ ಹುಟ್ಟಬೇಕಾದ ಮಾತಿಗಾದರೋ ತರುವವನ ನಿಷ್ಠೆಯೊಂದೇ ಆಸರೆ. ಬಾಯಿಂದ ಬಾಯಿಗೆ ವೇದವನ್ನು ಸಾಗಿಸಿದವರು ಪದಪಾಠ, ಕ್ರಮಪಾಠ, ಘನಪಾಠಗಳನ್ನು ಕಟ್ಟಿಕೊಂಡುದು, ವೇದ ನಿತ್ಯವೆಂದು ನಂಬಿಯೂ, ಈ ಭಯವನ್ನು ಬಲ್ಲವರಾಗಿದ್ದುದರಿಂದಲೇ ಎಂದು ನನಗೆ ತೋರುತ್ತದೆ.

ಹಲವು ವರ್ಷಗಳ ಹಿಂದೆ ನಾನು ಕೆಲಸಕ್ಕಿದ್ದ ಒಂದು ಕಚೇರಿಯಲ್ಲಿ, ರಾತ್ರಿ ಈ ಕಮಾಂಡು ಓಡುತ್ತಿದ್ದಾಗ ಟೆಲಿಫೋನ್ ಲೈನು ಕಡಿದುಹೋಯಿತು. ಒಂದು ಲೇಖನವು ಪೂರ್ತಿಯಾಗಿ ಹೋಗಿತ್ತು, ಉತ್ತರ ಬಂದಿರಲಿಲ್ಲ. ಮುಟ್ಟಿತೋ ಇಲ್ಲವೋ ತಿಳಿಯದ ಇನ್‌ಎಕ್ಸ್‌ಮಿಟ್, ಉಳಿದವುಗಳ ಪಟ್ಟಿಯನ್ನು ಹೊಸದಾಗಿ ಬರೆದಿಟ್ಟು, ಆ ಲೇಖನವನ್ನೂ ಉಳಿದವುಗಳಲ್ಲೇ ಸೇರಿಸಿ ಸುಮ್ಮನಾಯಿತು. ಪುನರುಕ್ತಿಯು ದೋಷವೆಂದೂ, ಪ್ರಯೋಜನವಿದ್ದು ಮತ್ತೆ ಹೇಳುವ ಅನುವಾದವು ದೋಷವಲ್ಲವೆಂದೂ ನ್ಯಾಯಸೂತ್ರಗಳು ಮಾಡಿದ ವಿಭಾಗವು ಆಗ ನನಗೆ ನೆನಪಿಗೆ ಬಂದಿತು. ಬೆಳಗ್ಗೆ ಲೈನು ಸರಿಹೋದ ಮೇಲೆ ಕಮಾಂಡನ್ನು ಮತ್ತೆ ಓಡಿಸಿದೆ. ಮೊದಲನೆಯ ಹೆಸರನ್ನು ಕೇಳಿದೊಡನೆ ಆ ಕಡೆಯಿಂದ 435 ಎಂದು ಉತ್ತರ ಬಂದಿತು. ಲೇಖನವು ರಾತ್ರಿಯೇ ಮುಟ್ಟಿತ್ತು. ಮುಟ್ಟಿತೆಂಬ ಮಾತು ಮಾತ್ರ ದಾರಿಯಲ್ಲಿ ಅಡಗಿತ್ತು. ಎರಡನೆಯ ಹೆಸರಿಗೆ 335 ಬಂದಿತು.