ಏರು ಮೊದಲೋ, ಆಮೇಲೋ?

ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಭಾನುವಾರ ಬೆಳಿಗ್ಗೆ ನಡೆದ ಒಂದು ಸಣ್ಣ ಜಗಳದಿಂದ ಶುರು ಮಾಡುತ್ತೇನೆ.

ಸಕ್ಕರೆ ಕಾಯಿಲೆ ಬಂದ ಮೇಲೆ ಓಡಲು ಕಲಿತವನು ನಾನು. ಚಿತ್ರದುರ್ಗದಲ್ಲಿ ನಾವು ಮೂವರು ಒಟ್ಟಿಗೆ ಓಡುತ್ತೇವೆ. ಜೋಗಿಮಟ್ಟಿ ಕಡೆ ತಿರುಗಿದರೆ ಏರು. ಬ್ಯಾಂಕಿನಲ್ಲಿರುವ ಗೆಳೆಯರಿಗೆ ಏರು ಮೊದಲೇ ಬೇಕು, ಕಷ್ಟವನ್ನು ಮುಗಿಸಿಬಿಟ್ಟರೆ ಆಮೇಲೆ ಆರಾಮ ಅಂತ. ಬಸ್ ಡ್ರೈವರ್ ಆಗಿ ನಿವೃತ್ತರಾದ ಅಣ್ಣನಿಗೆ ಮೊದಲು ಮೈ ಬಿಸಿಯಾಗಬೇಕು, ಏರು ಆಮೇಲೆ. ನನಗೆ, ನಿಜ ಹೇಳಬೇಕೆಂದರೆ, ಏರೇ ಬೇಡ. ಇದರ ಮೇಲೆ ಪ್ರತಿ ವಾರ ಹತ್ತು ನಿಮಿಷ ವಾದ ಮಾಡುತ್ತೇವೆ. ಅಷ್ಟರಲ್ಲಿ ಒಂದು ಕಿಲೋಮೀಟರ್ ಓಡಿಬಿಡಬಹುದಿತ್ತು.

ಇಳಿಜಾರು ಸುಲಭ ಅಂತ ನಾನು ಅಂದುಕೊಂಡಿದ್ದೆ. ಅದೂ ಸುಳ್ಳು. ಏರಿನಲ್ಲಿ ಉಸಿರು ಹೋಗುತ್ತದೆ, ಇಳಿಜಾರಿನಲ್ಲಿ ತೊಡೆ ಹೋಗುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಮೈಭಾರವನ್ನು ತಡೆಯುತ್ತಲೇ ಹಿಗ್ಗಬೇಕು. ಅದರ ನೋವು ಗೊತ್ತಾಗುವುದು ಮಾರನೇ ದಿನ, ಶಾಲೆಯ ಮೆಟ್ಟಿಲು ಇಳಿಯುವಾಗ.

ದಕ್ಷಿಣ ಆಫ್ರಿಕಾದಲ್ಲಿ ಕಾಮ್ರೇಡ್ಸ್ ಮ್ಯಾರಥಾನ್ ಅಂತ ಒಂದು ಓಟವಿದೆ. ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ಊರುಗಳ ನಡುವೆ ಸುಮಾರು 90 ಕಿಲೋಮೀಟರ್, ದಾರಿಯುದ್ದಕ್ಕೂ ಗುಡ್ಡ. ಡರ್ಬನ್ ಸಮುದ್ರದ ದಡದಲ್ಲಿದೆ, ಇನ್ನೊಂದು ಊರು ಎತ್ತರದಲ್ಲಿದೆ. ಸಾಮಾನ್ಯವಾಗಿ ಒಂದು ವರ್ಷ ಮೇಲಕ್ಕೆ ಓಡಿದರೆ ಮುಂದಿನ ವರ್ಷ ಕೆಳಕ್ಕೆ. ಮೇಲಕ್ಕೆ ಓಡುವ ವರ್ಷ ಪಾಲಿ ಶಾರ್ಟ್ಸ್ ಎಂಬ ಗುಡ್ಡ ಬರುವುದು ಹೆಚ್ಚುಕಡಿಮೆ ಕೊನೆಗೆ, ಕಾಲಲ್ಲಿ ಏನೂ ಉಳಿಯದಿದ್ದಾಗ. ಕೆಲವರಿಗೆ ಏರುವ ವರ್ಷವೇ ಇಷ್ಟ, ಕೆಲವರಿಗೆ ಇಳಿಯುವ ವರ್ಷ. ನಮ್ಮ ಮೂವರ ಜಗಳವೇ ಅಲ್ಲೂ ಇದೆ.

ಆದರೆ ಆ ಓಟ ಶುರುವಾಗಿದ್ದು 1921ರಲ್ಲಿ. ಕಪ್ಪು ಜನರಿಗೂ ಹೆಂಗಸರಿಗೂ ಅಧಿಕೃತವಾಗಿ ಓಡಲು ಬಿಟ್ಟಿದ್ದು 1975ರಲ್ಲಿ. 1935ರಲ್ಲಿ ರಾಬರ್ಟ್ ಮ್ಟ್‌ಶಾಲಿ ಎಂಬ ಕಪ್ಪು ಓಟಗಾರ ಅನುಮತಿ ಇಲ್ಲದೆಯೇ ಪೂರ್ತಿ ಓಡಿದ, ಅಧಿಕೃತ ಪಟ್ಟಿಯಲ್ಲಿ ಅವನಿಗೆ ಜಾಗವಿರಲಿಲ್ಲ. ಏರು ಇಷ್ಟವೋ ಇಳಿಜಾರು ಇಷ್ಟವೋ ಎಂದು ಅವನನ್ನು ಯಾರು ಕೇಳಿದ್ದರು? ದಾರಿ ಆರಿಸಿಕೊಳ್ಳುವ ಮಾತು ಬರುವುದು ದಾರಿಗೆ ಇಳಿಯಲು ಬಿಟ್ಟ ಮೇಲೆ. ಕಪ್ಪು ಓಟಗಾರನೊಬ್ಬ ಮೊದಲ ಬಾರಿ ಗೆದ್ದಿದ್ದು 1989ರಲ್ಲಿ, ಸ್ಯಾಮ್ ಶಬಲಾಲ.

ವಿನಯ ಪಿಟಕದ ಸೋಣನ ಕಥೆ ನಿಮಗೆಲ್ಲ ಗೊತ್ತು. ಸುಕುಮಾರ, ಚಂಕ್ರಮಣ ಮಾಡುತ್ತಾ ಮಾಡುತ್ತಾ ಅಂಗಾಲು ಒಡೆದು ದಾರಿಯೆಲ್ಲ ರಕ್ತ. ನಾವು ವೀಣೆಯ ತಂತಿಯ ಮಾತನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ. ಆಮೇಲೆ ಭಗವಾನರು ಅವನಿಗೆ ಪಾದರಕ್ಷೆ ಹಾಕಿಕೊಳ್ಳಲು ಒಪ್ಪಿಗೆ ಕೊಟ್ಟರು, ಅವನು ಸಂಘಕ್ಕೆಲ್ಲ ಕೊಟ್ಟರೆ ಮಾತ್ರ ನನಗೂ ಎಂದ, ಎಲ್ಲರಿಗೂ ಸಿಕ್ಕಿತು. ನನಗೆ ತಂತಿಗಿಂತ ಈ ಚಪ್ಪಲಿಯೇ ಹೆಚ್ಚು ಕಾಡುತ್ತದೆ.

ಮತ್ತೆ ಭಾನುವಾರಕ್ಕೆ ಬರುತ್ತೇನೆ. ಏರಿನಲ್ಲಿ ನಾನು ಕೈಗಡಿಯಾರ ನೋಡುತ್ತಾ, ವೇಗ ಬಿತ್ತಲ್ಲ ಎಂದು ಗೊಣಗುತ್ತಿದ್ದೆ. ಅಣ್ಣ ಹೇಳಿದರು, "ಮೇಷ್ಟ್ರೇ, ಏರಲ್ಲಿ ಸ್ಪೀಡ್ ನೋಡಬಾರದು. ಇಂಜಿನ್ ಸದ್ದು ಕೇಳ್ಬೇಕು. ಗೇರ್ ಇಳಿಸಿ." ಹೆಜ್ಜೆ ಚಿಕ್ಕದು ಮಾಡಿದೆ. ಉಸಿರು ಹದಕ್ಕೆ ಬಂತು. ಅನುಭವವಿರುವ ಓಟಗಾರರೆಲ್ಲ ಹೇಳುವುದು ಇದನ್ನೇ: ಒಂದೇ ಸಮ ಇಡಬೇಕಾದ್ದು ಶ್ರಮವನ್ನು, ವೇಗವನ್ನಲ್ಲ. ಅಷ್ಟೇ ಶ್ರಮಕ್ಕೆ ಸಮತಟ್ಟಿನಲ್ಲಿ ಒಂದು ವೇಗ, ಏರಿನಲ್ಲಿ ಇನ್ನೊಂದು. ಗಡಿಯಾರಕ್ಕೆ ನೆಲ ಕಾಣುವುದಿಲ್ಲ.

ಅಲ್ಲಿಂದ ನನ್ನ ತಲೆಗೆ ಬಂದವನು ಒಬ್ಬ ಹಳೆಯ ವಿದ್ಯಾರ್ಥಿ. ಶಾಲೆಗೆ ಬರುವ ಮುಂಚೆ ಮಾರುಕಟ್ಟೆಯಲ್ಲಿ ಅಪ್ಪನ ಜೊತೆ ಮೂಟೆ ಇಳಿಸಿ ಬರುತ್ತಿದ್ದ ಹುಡುಗ. ಹೋಂವರ್ಕ್ ಯಾವಾಗಲೂ ಅರ್ಧ. ಅವನ ಪ್ರಗತಿ ಪತ್ರದಲ್ಲಿ ನಾನು ನನ್ನ ಚೆಂದದ ಅಕ್ಷರದಲ್ಲಿ ಬರೆದಿದ್ದೆ: ಇನ್ನೂ ಪರಿಶ್ರಮ ಬೇಕು. ಮೂಟೆಯ ಸಂಗತಿ ಆಗ ನನಗೆ ಗೊತ್ತಿರಲಿಲ್ಲ ಎನ್ನಬಹುದು. ಕೇಳಿದ್ದರೆ ಗೊತ್ತಾಗುತ್ತಿತ್ತು.

ಹಾಗಂತ ಎಲ್ಲದಕ್ಕೂ ಏರಿನ ನೆಪ ಹೇಳಬಹುದೇ? ನಾನೇ ಹೇಳುತ್ತೇನಲ್ಲ, ಬಿಸಿಲು, ಸಕ್ಕರೆ, ವಯಸ್ಸು ಅಂತ. ಹೊರಗಿನಿಂದ ನೋಡಿದರೆ ಸೋಮಾರಿಯೂ ಏರುತ್ತಿರುವವನೂ ಒಂದೇ ವೇಗದಲ್ಲಿ ಹೋಗುತ್ತಿರುತ್ತಾರೆ. ನನ್ನ ಉಸಿರು ನನಗೆ ಕೇಳಿಸುತ್ತದೆ. ಇನ್ನೊಬ್ಬರ ಉಸಿರು ಕೇಳಿಸಬೇಕಾದರೆ ಪಕ್ಕದಲ್ಲೇ ಓಡಬೇಕು, ಬೇರೆ ಉಪಾಯ ನನಗೆ ಹೊಳೆದಿಲ್ಲ. ನಲವತ್ತು ಮಕ್ಕಳ ಪಕ್ಕದಲ್ಲಿ ಒಬ್ಬ ಮೇಷ್ಟ್ರು ಹೇಗೆ ಓಡುವುದು ಎಂಬ ಪ್ರಶ್ನೆ ಇದ್ದೇ ಇದೆ. ಬಳಗದಲ್ಲಿ ಶಿಕ್ಷಕರು ಇನ್ನೂ ಇದ್ದೀರಿ, ಹೇಳಿ.

ಆ ಹುಡುಗ ಎಸ್ಸೆಸ್ಸೆಲ್ಸಿ ಪಾಸಾದ. ಮುಂದೆ ಓದಲಿಲ್ಲ. ನಮ್ಮ ಓಟ ಮುಗಿಯುವ ಕಡೆ ಇರುವ ಟೀ ಅಂಗಡಿಯಲ್ಲಿ ಈಗ ಅವನೇ ಟೀ ಮಾಡುತ್ತಾನೆ. "ಸಾರ್, ನಿಮಗೆ ಸಕ್ಕರೆ ಬೇಡ ಅಲ್ವಾ" ಎಂದು ಲೋಟ ಬೇರೆ ಇಡುತ್ತಾನೆ. ಪ್ರಗತಿ ಪತ್ರದ ಮಾತು ಎತ್ತಬೇಕು ಅಂತ ಎರಡು ಭಾನುವಾರದಿಂದ ಹೋಗುತ್ತಿದ್ದೇನೆ. ಟೀ ಕುಡಿದು ಬರುತ್ತೇನೆ.